ತಲೆಬರಹದ ಅಕ್ಷರ: ಅದರ ಚೆಲುವು ಮತ್ತು ಬಳಕೆ

ನಮ್ಮ ಹಿರಿಯರು ಲಿಪಿಯ ಒಂದೊಂದು ಚಿಹ್ನೆಯನ್ನೂ ‘ಅಕ್ಷರ’ವೆಂದು ಕರೆದರು. ‘ಕ್ಷರ’ವೆಂದರೆ ಅಳಿಯತಕ್ಕದ್ದು, ಸವೆಯತಕ್ಕದ್ದು, ‘ಅಕ್ಷರ’ವೆಂದರೆ ಅಳಿಯದುದು. ಆಡಿದ ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಬರೆದಿಟ್ಟ ಮಾತು ನಿಲ್ಲುತ್ತದೆ. ಈ ಹೆಸರಿನ ಹಿಂದಿರುವ ಭಾವನೆ ಬಹಳ ದೊಡ್ಡದು. ಆದರೆ ಅಚ್ಚಾದ ಅಕ್ಷರವೂ ಕೆಲವು ವೇಳೆ ಓದುಗನ ಕಣ್ಣೆದುರಿನಲ್ಲಿಯೇ ಅಳಿದುಹೋಗುವುದುಂಟು. ಅದು ಹೇಗೆ, ಅದರಿಂದ ಯಾರಿಗೆ ಹಾನಿ, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ವಿದ್ಯಾರ್ಥಿಗಳೇ, ನಿಮ್ಮ ಮನೆಗೆ ಬಂದ ಒಂದು ಮದುವೆಯ ಆಮಂತ್ರಣಪತ್ರಿಕೆಯನ್ನೂ ನಿಮ್ಮ ಪಠ್ಯಪುಸ್ತಕವನ್ನೂ ಒಟ್ಟಿಗೆ ಮುಂದಿಟ್ಟುಕೊಳ್ಳಿರಿ. ಪಠ್ಯಪುಸ್ತಕದ ಅಕ್ಷರಗಳಲ್ಲಿ ಗೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪದವು. ಆಮಂತ್ರಣಪತ್ರಿಕೆಯ ತಲೆಬರಹದಲ್ಲಾದರೋ ಒಂದು ಗೆರೆ ಮಾವಿನ ಎಲೆಯಂತೆ ತುಂಬಿಕೊಂಡಿದ್ದರೆ, ಅದಕ್ಕೆ ಸೇರಿದ ಇನ್ನೊಂದು ಗೆರೆ ರೇಷ್ಮೆಯ ಎಳೆಯಂತೆ ಸಣ್ಣದಾಗಿರುವುದನ್ನು ಅನೇಕ ವೇಳೆ ಕಾಣಬಹುದು. ದಪ್ಪ ಗೆರೆಯನ್ನು ನಾವು ಸ್ಥೂಲರೇಖೆಯೆಂದೂ ಸಣ್ಣ ಗೆರೆಯನ್ನು ಸೂಕ್ಷ್ಮರೇಖೆಯೆಂದೂ ಕರೆಯೋಣ. ಇವೆರಡರ ನಡುವಣ ಅಂತರ ಹೆಚ್ಚಾದಷ್ಟೂ ಅಕ್ಷರಕ್ಕೆ ಒಂದು ಬಗೆಯ ಗಾಂಭೀರ್ಯ, ಒಯ್ಯಾರ, ಹೊಳಪು ಬರುತ್ತದೆ. ಪುಸ್ತಕದ ಹೆಸರು, ಪತ್ರಿಕೆಯ ಹೆಸರು, ಪ್ರಶಸ್ತಿಪತ್ರ, ಆಮಂತ್ರಣ ಮೊದಲಾದುವುಗಳಲ್ಲಿ ದೊಡ್ಡದಾಗಿ ಮೆರೆಯುವುದಕ್ಕೆಂದೇ ರಚಿಸಿದ ಇಂಥ ಅಕ್ಷರಗಳೇ ನಮ್ಮ ಇಂದಿನ ವಿಷಯ.

ಲೇಖನಿಯಿಂದ ಹುಟ್ಟಿದ ರೂಪ

ಗೆರೆಯ ದಪ್ಪವು ಬರೆಯುವವನ ಇಚ್ಛೆಯಿಂದ ಮಾತ್ರ ಹುಟ್ಟಿದುದಲ್ಲ. ಅವನ ಕೈಯಲ್ಲಿದ್ದ ಉಪಕರಣದಿಂದ ಹುಟ್ಟಿದುದು. ನಮ್ಮ ನಾಡಿನಲ್ಲಿ ಓಲೆಗರಿಯ ಮೇಲೆ ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದು ಬರೆಯುತ್ತಿದ್ದರು. ಮೊನೆಯು ಯಾವ ದಿಕ್ಕಿಗೆ ಓಡಿದರೂ ಗೆರೆ ಒಂದೇ ದಪ್ಪವಾಗಿ ಮೂಡುತ್ತಿತ್ತು. ಎಳೆಗಳ ಉದ್ದಕ್ಕೆ ನೇರವಾಗಿ ಗೀರಿದರೆ ಗರಿ ಸೀಳುವ ಭಯವಿದ್ದುದರಿಂದ ದುಂಡನೆಯ ತಿರುವುಗಳೇ ಅದಕ್ಕೆ ಒಗ್ಗುತ್ತಿದ್ದುವು. ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುವಾಗಲೂ ಗೆರೆ ಹೆಚ್ಚು ಬದಲಾಗುತ್ತಿರಲಿಲ್ಲ.

ಆದರೆ ಬಿದಿರಿನ ಕಡ್ಡಿಯನ್ನೋ ಹಕ್ಕಿಯ ಗರಿಯನ್ನೋ ತುದಿಯಲ್ಲಿ ಅಗಲವಾಗಿ ಕತ್ತರಿಸಿ, ಮಸಿಯಲ್ಲಿ ಅದ್ದಿ ಬರೆದರೆ ಬೇರೆಯೇ ಫಲ ದೊರೆಯುತ್ತದೆ. ಅಗಲವಾದ ತುದಿ ಒಂದು ದಿಕ್ಕಿಗೆ ಎಳೆದಾಗ ಸ್ಥೂಲರೇಖೆಯನ್ನೂ ಅದಕ್ಕೆ ಅಡ್ಡಲಾದ ದಿಕ್ಕಿಗೆ ಎಳೆದಾಗ ಸೂಕ್ಷ್ಮರೇಖೆಯನ್ನೂ ಮೂಡಿಸುತ್ತದೆ. ರೋಮನ್ ಲಿಪಿಯೂ ದೇವನಾಗರಿಯೂ ಹೀಗೆ ಅಗಲ ತುದಿಯ ಲೇಖನಿಯಿಂದಲೇ ಬೆಳೆದುವು. ಆದರೆ ಲೇಖನಿಯ ತುದಿಯನ್ನು ಓರೆಯಾಗಿ ಕತ್ತರಿಸುವ ದಿಕ್ಕು ಎರಡರಲ್ಲಿಯೂ ಬೇರೆಬೇರೆ. ಆದುದರಿಂದ ರೋಮನ್ ಅಕ್ಷರದಲ್ಲಿ ದಪ್ಪವು ಕೂಡುವ ಸ್ಥಳ ಒಂದಾದರೆ ದೇವನಾಗರಿಯಲ್ಲಿ ಅದು ಇನ್ನೊಂದು. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ನಮಗೆ ಬೇಕಾಗುತ್ತದೆ.

ರೋಮನ್ ಅಕ್ಷರಗಳ ಗೆರೆಗಳ ತುದಿಯಲ್ಲಿ ಚಿಕ್ಕದೊಂದು ಪಾದದಂತೆ ಕಾಣುವ ಅಡ್ಡತುದಿಗೆ ಸೆರಿಫ್ ಎಂದು ಹೆಸರು. ರೋಮ್ ನಗರದಲ್ಲಿ ಕ್ರಿ.ಶ. 113ರಲ್ಲಿ ನಿಲ್ಲಿಸಿದ ಟ್ರೇಜನ್ ಚಕ್ರವರ್ತಿಯ ಸ್ತಂಭದ ಪೀಠದ ಮೇಲಿನ ಶಾಸನದಲ್ಲಿ ಇದರ ಸುಂದರವಾದ ರೂಪವನ್ನು ಕಾಣಬಹುದು. ಗೆರೆಯ ತುದಿಯನ್ನು ಅಲಂಕರಿಸುವ ಈ ಪದ್ಧತಿ ಯುರೋಪಿನದು ಮಾತ್ರವೆಂದು ತಿಳಿಯಬಾರದು. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಕದಂಬರ ಕಾಲದ, 5ನೆಯ ಶತಮಾನದ ಸ್ತಂಭಶಾಸನವಿದೆ. ಅದರ ಭಾಷೆ ಸಂಸ್ಕೃತ. ಅದರ ಅಕ್ಷರಗಳ ತಲೆಯ ಮೇಲೆ ಪುಟ್ಟ ಪೆಟ್ಟಿಗೆಯಂಥ ಚೌಕವಿರುವುದರಿಂದ ವಿದ್ವಾಂಸರು ಆ ಬರಹವನ್ನು ಪೆಟ್ಟಿಗೆತಲೆಯ ಲಿಪಿಯೆಂದು ವರ್ಣಿಸಿದ್ದಾರೆ. ಮುಂದೆ ಗೋವೆಯನ್ನು ಆಳಿದ ಕದಂಬರೂ ಇದೇ ವಂಶದ ಹೆಸರನ್ನು ಹೊತ್ತವರು. ರೋಮಿನ ಶಿಲ್ಪಿ ಅಕ್ಷರಕ್ಕೆ ಪಾದವನ್ನಿಟ್ಟರೆ ನಮ್ಮ ಶಿಲ್ಪಿ ಅದಕ್ಕೆ ಮುಡಿಯನ್ನಿಟ್ಟನು.

ಗೋವೆಗೆ ಬಂದ ಅಚ್ಚಿನ ಮೊಳೆ

ಲೇಖನಿಯ ರೂಪಗಳು ಲೋಹದ ರೂಪಗಳಾದುದು ಮುದ್ರಣದಿಂದ. ಈ ವಿಷಯದಲ್ಲಿ ನಾವಿರುವ ಗೋವೆಗೆ ಒಂದು ಹಿರಿಮೆಯಿದೆ. ಭಾರತದ ಮೊದಲನೆಯ ಮುದ್ರಣಯಂತ್ರವು 1556ರ ಸೆಪ್ಟೆಂಬರಿನಲ್ಲಿ ಹಡಗಿನಿಂದ ಇಳಿದುದು ಇಲ್ಲಿಯೇ. ಅದು ಅಬಿಸೀನಿಯಕ್ಕೆ ಹೋಗಬೇಕಾಗಿದ್ದ ಯಂತ್ರ. ದಾರಿಯಲ್ಲಿ ಗೋವೆಗೆ ಬಂದದ್ದು ಮುಂದಕ್ಕೆ ಹೋಗದೆ ಇಲ್ಲಿಯೇ ಉಳಿಯಿತು. ಹಳೆಯ ಗೋವೆಯ ಸಂತ ಪಾಲರ ಕಾಲೇಜಿನಲ್ಲಿ ಜುವಾನ್ ದ ಬುಸ್ತಮಾಂತೆ ಎಂಬ ಜೆಸ್ವಿತ್ ಮುದ್ರಕನು ಅದನ್ನು ನಡೆಸಿದನು. ಔಷಧಿಯ ಗಿಡಮೂಲಿಕೆಗಳನ್ನು ಕುರಿತು ಗಾರ್ಸಿಯ ದ ಓರ್ತಾ ಎಂಬ ವೈದ್ಯನು ಬರೆದ ಹೆಸರಾಂತ ಗ್ರಂಥವು 1563ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಅದರಲ್ಲಿ ಅಚ್ಚಿನ ತಪ್ಪುಗಳು ಎಷ್ಟಿದ್ದುವೆಂದರೆ, ತಪ್ಪು ಒಪ್ಪುಗಳ ಪಟ್ಟಿಯೇ ಹಲವು ಪುಟಗಳನ್ನು ತುಂಬಿತು. ಮುದ್ರಣವೆಂಬುದು ಸುಲಭದ ಕಾರ್ಯವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಲೋಹದ ಮೊಳೆಯನ್ನು ಹೇಗೆ ತಯಾರಿಸುತ್ತಿದ್ದರೆಂಬುದನ್ನು ಇಲ್ಲಿ ಹೇಳಬೇಕು. ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತುವರು. ಅದನ್ನು ತಾಮ್ರದ ತುಂಡಿನ ಮೇಲಿಟ್ಟು ಹೊಡೆದಾಗ ಅಕ್ಷರದ ಆಕಾರವು ತಗ್ಗಾಗಿ ಮೂಡುವುದು. ಆ ತಗ್ಗಿನಲ್ಲಿ ಸೀಸದ ಮಿಶ್ರಲೋಹವನ್ನು ಕರಗಿಸಿ ಎರೆದರೆ ಮೊಳೆ ಸಿದ್ಧವಾಗುವುದು. ಪ್ರತಿಯೊಂದು ಅಕ್ಷರಕ್ಕೂ, ಪ್ರತಿಯೊಂದು ಗಾತ್ರಕ್ಕೂ ಈ ಕೆಲಸವನ್ನು ಬೇರೆಬೇರೆಯಾಗಿ ಮಾಡಬೇಕಾಗಿತ್ತು. ಕಮ್ಮಾರಕೆಲಸದಲ್ಲಿ ನುರಿತಿದ್ದ ಜುವಾನ್ ಗೊನ್ಸಾಲ್ವಿಸ್ ಎಂಬ ಸ್ಪೇನಿನ ಜೆಸ್ವಿತ್ ಸಹೋದರನು 1577ರಲ್ಲಿ ಗೋವೆಯಲ್ಲಿ ತಮಿಳು ಮೊಳೆಗಳನ್ನು ಎರಕಹೊಯ್ದನು. ಮರುವರ್ಷ, ಎಂದರೆ 1578ರಲ್ಲಿ, ಕೇರಳದ ಕೊಲ್ಲಮಿನಲ್ಲಿ ‘ತಂಬಿರಾನ್ ವಣಕ್ಕಂ’ ಎಂಬ 16 ಪುಟಗಳ ತಮಿಳು ಪುಸ್ತಕವು ಅಚ್ಚಾಯಿತು. ಭಾರತೀಯ ಲಿಪಿಯೊಂದರ ಮೊಳೆಗಳಿಂದ ಭಾರತದಲ್ಲಿ ಅಚ್ಚಾದ ಮೊದಲನೆಯ ಪುಸ್ತಕ ಅದು.

ಹೀಗಿದ್ದರೂ ಗೋವೆಯ ನುಡಿಗೆ ಅದರ ಸ್ವಂತ ಲಿಪಿಯ ಮೊಳೆ ಅಂದು ದೊರೆಯಲಿಲ್ಲ. ಆಂಗ್ಲ ಜೆಸ್ವಿತ್ ಪಾದ್ರಿ ಥಾಮಸ್ ಸ್ಟೀಫನ್ಸ್ ಇಲ್ಲಿಯ ಲಿಪಿಯಲ್ಲಿಯೇ ಪುಸ್ತಕಗಳು ಅಚ್ಚಾಗಬೇಕೆಂದು ಬಹುಕಾಲ ಹಂಬಲಿಸಿದವರು. ಅವರು 1608ರಲ್ಲಿ ರೋಮಿನ ತಮ್ಮ ಹಿರಿಯರಿಗೆ ಬರೆದ ಪತ್ರದಲ್ಲಿ ಅದಕ್ಕಿದ್ದ ಅಡ್ಡಿಯನ್ನು ವಿವರಿಸಿದ್ದಾರೆ. ಯುರೋಪಿನವರಿಗೆ 24 ಅಚ್ಚುಗಳು ಸಾಕಾದರೆ ಇಲ್ಲಿಯ ಲಿಪಿಗೆ ಸುಮಾರು 600 ಬೇಕಾಗಿದ್ದುವು. ಯುಕ್ತಿಯಿಂದ ಅವನ್ನು 200ಕ್ಕೆ ಇಳಿಸಬಹುದೆಂದು ಅವರು ಸೂಚಿಸಿದರು. ಆದರೂ ಆ ಕಾರ್ಯ ಕೈಗೂಡಲಿಲ್ಲ. ಮರಾಠಿಯಲ್ಲಿ ಅವರು ರಚಿಸಿದ ‘ಕ್ರಿಸ್ತಪುರಾಣ’ವು 1616ರಲ್ಲಿ ರಾಚೋಲದಲ್ಲಿ ಅಚ್ಚಾದುದು ರೋಮನ್ ಅಕ್ಷರಗಳಲ್ಲಿ. ಅವರು ಬರೆದ ಕೊಂಕಣಿಯ ವ್ಯಾಕರಣವೂ ಅವರ ಮರಣಾನಂತರ 1640ರಲ್ಲಿ ಹಾಗೆಯೇ ರೋಮನ್ ಅಕ್ಷರಗಳಲ್ಲಿ ಹೊರಬಂದಿತು.

600ರ ಲೆಕ್ಕವನ್ನು ಕೇಳಿ ನಗಬೇಡಿರಿ. ನಮ್ಮ ಕನ್ನಡದ ಲೆಕ್ಕವೇನು? 34 ವ್ಯಂಜನಗಳು, 13 ಸ್ವರಗಳು. ಕಾಗುಣಿತದ ರೂಪಗಳೇ 442 ಆಗುತ್ತವೆ. ಒತ್ತಕ್ಷರಗಳು ಇದಕ್ಕೆ ಹೊರತು. ಇಂಗ್ಲಿಷಿನಲ್ಲಿ ದೊಡ್ಡ ಚಿಕ್ಕ ರೂಪಗಳೆರಡನ್ನೂ ಕೂಡಿಸಿದರೂ 52. ಒಂದು ಅಕ್ಷರವಿನ್ಯಾಸವನ್ನು ರಚಿಸುವವನು ಸ್ಥೂಲರೇಖೆ ಸೂಕ್ಷ್ಮರೇಖೆಗಳ ಒಂದೇ ಪ್ರಮಾಣವನ್ನು ಈ ನೂರಾರು ರೂಪಗಳಲ್ಲಿಯೂ ಕಾಪಾಡಬೇಕು. ಕನ್ನಡಕ್ಕೆ ಅಚ್ಚಿನ ಮೊಳೆಗಳು ತಡವಾಗಿ ಬಂದುದಕ್ಕೆ ಇದೂ ಒಂದು ಕಾರಣವಿರಬೇಕು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದುದು 1817ರಲ್ಲಿ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರು ಸಮಾಚಾರ’ವು ಮೊಳೆಯಿಂದಲ್ಲ, ಕೈಬರಹವನ್ನು ಕಲ್ಲಿನ ಮೇಲೆ ಇಳಿಸಿ ತೆಗೆದ ಕಲ್ಲಚ್ಚಿನಿಂದ ಮುದ್ರಿತವಾಯಿತು. ಅಲ್ಲಿಂದ ಐವತ್ತು ವರ್ಷಗಳು ಕಳೆದು 1894ರಲ್ಲಿ, ಅದೇ ಮಂಗಳೂರಿನಲ್ಲಿ, ಕಿಟ್ಟೆಲರ ಕನ್ನಡ ಇಂಗ್ಲಿಷ್ ನಿಘಂಟು ಕನ್ನಡ ಮತ್ತು ರೋಮನ್ ಮೊಳೆಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿ 1,700ಕ್ಕೂ ಹೆಚ್ಚು ಪುಟಗಳಲ್ಲಿ ಹೊರಬಂದಿತು.

ಸೂಕ್ಷ್ಮರೇಖೆಯ ಮೂವರು ಉಪಾಸಕರು

ಗೋವೆಯ ಹಳೆಯ ಅಚ್ಚುಕೂಟಗಳು 17ನೆಯ ಶತಮಾನದಲ್ಲಿ ನಿಂತುಹೋಗಿ, ಮರಳಿ 1821ರಲ್ಲಿ ‘ಗಜೆಟಾ ದೆ ಗೋವಾ’ ಎಂಬ ಪತ್ರಿಕೆಯೊಡನೆ ಮುದ್ರಣವು ಇಲ್ಲಿ ಆರಂಭವಾಯಿತು. ನಡುವಣ ಆ ಕಾಲದಲ್ಲಿ ಯುರೋಪಿನ ಅಕ್ಷರಗಳು ರೂಪಾಂತರ ಹೊಂದಿದ್ದುವು. ಆ ಬದಲಾವಣೆಗೆ ಕಾರಣರಾದ ಮೂವರನ್ನು ಇಲ್ಲಿ ಸ್ಮರಿಸಬೇಕು.

ಮೊದಲನೆಯವನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್. ಅವನು ಮೊದಲು ಕೈಬರಹವನ್ನು ಕಲಿಸುತ್ತಿದ್ದ ಉಪಾಧ್ಯಾಯ. ಬಳಿಕ ಮೆರುಗೆಣ್ಣೆಯ ಸಾಮಾನುಗಳ ವ್ಯಾಪಾರದಿಂದ ಹಣವಂತನಾದವನು. ಸೂಕ್ಷ್ಮರೇಖೆಯು ಒರಟು ಕಾಗದದ ಮೇಲೆ ನಿಲ್ಲದೆಂಬುದನ್ನು ಅವನು ಕಂಡುಕೊಂಡನು. ಮೊಳೆಯೊಂದನ್ನೇ ತಿದ್ದಿದರೆ ಸಾಲದೆಂದು ಮಸಿಯನ್ನೂ ಯಂತ್ರವನ್ನೂ ತಿದ್ದಿದನು. ನಯವಾದ ಕಾಗದವನ್ನು ತರಿಸಿ, ಅಚ್ಚಾದ ಹಾಳೆಗಳನ್ನು ಕಾಯಿಸಿದ ತಾಮ್ರದ ತಗಡುಗಳ ನಡುವೆ ಒತ್ತಿ ಹೊಳಪುಗೊಳಿಸಿದನು. 1757ರಲ್ಲಿ ಅವನು ಅಚ್ಚುಹಾಕಿದ ವರ್ಜಿಲ್ ಕವಿಯ ಗ್ರಂಥವು ಯುರೋಪನ್ನೇ ಬೆರಗುಗೊಳಿಸಿತು.

ಎರಡನೆಯವನು ಪ್ಯಾರಿಸಿನ ಫಿರ್ಮೆಂ ದಿದೊ. 1784ರ ಸುಮಾರಿಗೆ ಅವನು ಕೆತ್ತಿದ ಅಕ್ಷರಗಳಲ್ಲಿ ಸೆರಿಫ್ ತೆಳುವಾದ ನೇರಗೆರೆಯಾಯಿತು. ಲಂಬರೇಖೆಗಳು ಕಂಬಗಳಂತೆ ನಿಂತುವು. ಮೂರನೆಯವನು ಇಟಲಿಯ ಪಾರ್ಮಾ ನಗರದ ಜಂಬತಿಸ್ತ ಬೊದೋನಿ. ತಾರುಣ್ಯದಲ್ಲಿ ಅವನು ರೋಮಿನಲ್ಲಿ, ಕ್ರೈಸ್ತ ಧರ್ಮಪ್ರಚಾರಕ್ಕಾಗಿ ಪೂರ್ವದೇಶಗಳ ಅನೇಕ ಲಿಪಿಗಳಲ್ಲಿ ಪುಸ್ತಕಗಳನ್ನು ಅಚ್ಚುಹಾಕುತ್ತಿದ್ದ ಮುದ್ರಣಾಲಯದಲ್ಲಿ ದುಡಿದು ಆ ಲಿಪಿಗಳ ಮೊಳೆಗಳ ಪರಿಚಯವನ್ನು ಪಡೆದಿದ್ದನು. 1806ರಲ್ಲಿ ಅವನು ಒಂದೇ ಪ್ರಾರ್ಥನೆಯನ್ನು 155 ಭಾಷೆಗಳಲ್ಲಿ ಅಚ್ಚುಹಾಕಿದನು. ಅವನು 1813ರಲ್ಲಿ ತೀರಿಕೊಂಡ ಬಳಿಕ, ಜೀವಮಾನದ ದುಡಿಮೆಯ ಫಲವಾದ ಅವನ ಅಕ್ಷರಗಳ ಮಾದರಿಗ್ರಂಥವನ್ನು 1818ರಲ್ಲಿ ಅವನ ಪತ್ನಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದಳು. ಅಕ್ಷರದ ಚೆಲುವಿಗೆ ಏಕರೂಪತೆ, ಸ್ವಚ್ಛತೆ, ಸದಭಿರುಚಿ, ಲಾವಣ್ಯ ಎಂಬ ನಾಲ್ಕು ಗುಣಗಳು ಬೇಕೆಂಬುದು ಅವನ ಮತವಾಗಿತ್ತು. ಬೊದೋನಿಯ ಪುಟಗಳಲ್ಲಿ ಅಕ್ಷರ ಎಷ್ಟು ಮುಖ್ಯವೋ ಸುತ್ತಣ ಬಿಳಿಯ ಜಾಗವೂ ಅಷ್ಟೇ ಮುಖ್ಯ. ಇಂದಿಗೂ ಬೊದೋನಿ ಮತ್ತು ದಿದೊ ಹೆಸರಿನ ಅಕ್ಷರವಿನ್ಯಾಸಗಳು ಜಗತ್ತಿನಾದ್ಯಂತ ಪುಸ್ತಕಗಳ ಮತ್ತು ಪತ್ರಿಕೆಗಳ ಮುಖಪುಟಗಳನ್ನು ಅಲಂಕರಿಸುತ್ತಿವೆ.

ಪೂರ್ವಗ್ರಹದ ಒಂದು ಪರೀಕ್ಷೆ

ಬಾಸ್ಕರ್‌ವಿಲ್ಲನನ್ನು ಹೊಗಳಿದವರಂತೆ ತೆಗಳಿದವರೂ ಇದ್ದರು. ಅವನ ಅಕ್ಷರಗಳ ಗೆರೆಗಳು ಅತಿ ಸಣ್ಣವು, ಅವು ದೇಶದ ಓದುಗರನ್ನೆಲ್ಲ ಕುರುಡರನ್ನಾಗಿ ಮಾಡುವುವು ಎಂದು ಒಬ್ಬ ಮಹನೀಯರು ದೂರಿದರು. ಕೇಳಿದವರು ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನ್. ಅವರು ಸ್ವತಃ ಮುದ್ರಕರು. ದೋಷವನ್ನು ತೋರಿಸಬೇಕೆಂದು ಹೇಳಿ ಅವರು ಒಂದು ಮಾದರಿಹಾಳೆಯನ್ನು ಆ ಮಹನೀಯರ ಮುಂದಿಟ್ಟರು. ಆದರೆ ಅದು ಬಾಸ್ಕರ್‌ವಿಲ್ಲನದಲ್ಲ. ಆ ಮಹನೀಯರು ಎಷ್ಟೋ ವರ್ಷಗಳಿಂದ ನಿರಾತಂಕವಾಗಿ ಓದುತ್ತಿದ್ದ ಕ್ಯಾಸ್ಲನ್ ಎಂಬವನ ಅಕ್ಷರಗಳ ಹಾಳೆ. ಮೇಲಿನ ಹೆಸರನ್ನು ಮಾತ್ರ ಫ್ರಾಂಕ್ಲಿನ್ ಹರಿದು ತೆಗೆದಿದ್ದರು. ಆ ಮಹನೀಯರು ಹಾಳೆಯನ್ನು ನೋಡಿ ದೋಷಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಓದುವಾಗ ಕಣ್ಣು ನೋಯುತ್ತಿದೆಯೆಂದೂ ಹೇಳಿದರು! ಫ್ರಾಂಕ್ಲಿನ್ 1760ರಲ್ಲಿ ಈ ಪ್ರಸಂಗವನ್ನು ಬಾಸ್ಕರ್‌ವಿಲ್ಲನಿಗೇ ಪತ್ರಮುಖೇನ ತಿಳಿಸಿದರು.

ಇದರಿಂದ ನಾವು ಕಲಿಯತಕ್ಕ ನೀತಿಯೇನು? ಅಕ್ಷರದ ಗುಣದೋಷವನ್ನು ಹೆಸರಿನಿಂದಾಗಲಿ ಕೇಳಿದ ಮಾತಿನಿಂದಾಗಲಿ ನಿರ್ಣಯಿಸಬಾರದು. ಅಳೆದು ನೋಡಿ, ಓದಿಸಿ ನೋಡಿ ನಿರ್ಣಯಿಸಬೇಕು. ಹಾಗಾದರೆ ಅಳೆಯೋಣ.

ಅಳತೆಯ ಲೆಕ್ಕ

ಇಂದಿನ ಗಣಕಯಂತ್ರದ ಲೆಕ್ಕದಲ್ಲಿ ಒಂದು ಅಂಗುಲವನ್ನು 72 ಪಾಲು ಮಾಡಿದರೆ ಅದರ ಒಂದು ಪಾಲಿಗೆ ಒಂದು ಪಾಯಿಂಟ್ ಎಂದು ಹೆಸರು. 72 ಪಾಯಿಂಟಿನ ತಲೆಬರಹವೆಂದರೆ 25.4 ಮಿಲಿಮೀಟರ್ ಗಾತ್ರದ್ದು. ಸೂಕ್ಷ್ಮರೇಖೆಯು ಈ ಗಾತ್ರದ 60ನೆಯ ಒಂದು ಪಾಲು ಎಂದಿಟ್ಟುಕೊಳ್ಳೋಣ. ಆಗ ಅದರ ದಪ್ಪ ಸುಮಾರು 0.42 ಮಿಲಿಮೀಟರ್. ಇದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಸ್ಥೂಲರೇಖೆಯ ಪಕ್ಕದಲ್ಲಿ ಬಹು ಸೊಗಸಾಗಿಯೂ ಕಾಣುತ್ತದೆ. ಅದೇ ಅಕ್ಷರವನ್ನು 9 ಪಾಯಿಂಟಿಗೆ ಕುಗ್ಗಿಸಿದರೆ ಸೂಕ್ಷ್ಮರೇಖೆಯ ದಪ್ಪ ಸುಮಾರು 0.05 ಮಿಲಿಮೀಟರ್ ಮಾತ್ರ. ನಮ್ಮ ತಲೆಗೂದಲಿನ ದಪ್ಪ ಸುಮಾರಾಗಿ 0.05ರಿಂದ 0.1 ಮಿಲಿಮೀಟರ್. ಒಂದು ಅಂಗುಲದಲ್ಲಿ 600 ಚುಕ್ಕೆಗಳನ್ನು ಇಡುವ ಮುದ್ರಣಯಂತ್ರದ ಒಂದು ಚುಕ್ಕೆಯ ಅಗಲ 0.042 ಮಿಲಿಮೀಟರ್. ಎಂದರೆ ಇಡೀ ಗೆರೆಗೆ ದಕ್ಕುವುದು ಒಂದೇ ಚುಕ್ಕೆ. ಮಸಿಪುಡಿ ಸ್ವಲ್ಪ ಕಡಿಮೆಯಾದರೂ ಆ ಗೆರೆ ಇಲ್ಲವಾಗುತ್ತದೆ.

ಲೋಹದ ಮೊಳೆಯ ಕಾಲದಲ್ಲಿ ಪ್ರತಿಯೊಂದು ಗಾತ್ರಕ್ಕೂ ಬೇರೆಬೇರೆಯಾಗಿ ಕೆತ್ತುತ್ತಿದ್ದರೆಂದು ಹೇಳಿದೆವಷ್ಟೆ. ಆ ಕೆತ್ತನೆಗಾರರು ಚಿಕ್ಕ ಗಾತ್ರದ ಮೊಳೆಯಲ್ಲಿ ಸೂಕ್ಷ್ಮರೇಖೆಯನ್ನು ತುಸು ದಪ್ಪವಾಗಿಯೂ ಅಕ್ಷರವನ್ನು ತುಸು ಅಗಲವಾಗಿಯೂ ಕೆತ್ತುತ್ತಿದ್ದರು. ಇಂದು ಗಣಕಯಂತ್ರವು ಒಂದೇ ರೂಪವನ್ನು ಯಾವ ಗಾತ್ರಕ್ಕಾದರೂ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಸೌಕರ್ಯ ಹೆಚ್ಚಿತು, ಆದರೆ ಹಿಂದೆ ಕೆತ್ತನೆಗಾರನು ವಹಿಸುತ್ತಿದ್ದ ಎಚ್ಚರವನ್ನು ಈಗ ಬಳಸುವವನೇ ವಹಿಸಬೇಕಾಯಿತು.

ಧನವೋ, ದನವೋ?

ಈ ಎಚ್ಚರ ತಪ್ಪಿದರೆ ಏನಾಗುವುದೆಂಬುದನ್ನು ನಾನು ಒಮ್ಮೆ ಪ್ರತ್ಯಕ್ಷವಾಗಿ ಕಂಡೆನು. ಬಡ ಮಕ್ಕಳಿಗೆ ಪುಸ್ತಕದ ವೆಚ್ಚಕ್ಕಾಗಿ ಧನಸಹಾಯ ಕೊಡುವ ವಿಷಯವಾಗಿ ಒಂದು ಕರಪತ್ರವನ್ನು ಸಿದ್ಧಪಡಿಸಿದ್ದರು. ಚೆಲುವಾಗಿರಲೆಂದು ಇಡೀ ಕರಪತ್ರವನ್ನು, ಒಳಗಿನ ಚಿಕ್ಕ ಸಾಲುಗಳನ್ನೂ ಬಿಡದೆ, ಆಮಂತ್ರಣಪತ್ರಿಕೆಯ ಒಯ್ಯಾರದ ಅಕ್ಷರಗಳಲ್ಲಿ ಜೋಡಿಸಿದ್ದರು. ಬಳಿಕ ಪ್ರತಿಯಿಂದ ಪ್ರತಿ ತೆಗೆದು ಮನೆಮನೆಗೆ ಹಂಚಿದರು. ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಎದ್ದುನಿಂತಳು. ಉತ್ತರ ಕರ್ನಾಟಕದಿಂದ ದುಡಿಮೆಗಾಗಿ ಗೋವೆಗೆ ಬಂದ ಕುಟುಂಬದವಳು. ಮಕ್ಕಳ ಜೊತೆಯಲ್ಲಿ ಕುಳಿತು ತಾನೂ ಅಕ್ಷರ ಕಲಿತವಳು. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಆಕೆ ಕೇಳಿದಳು: “ಸರ, ಇಲ್ಲಿ ದನಸಹಾಯ ಅಂತ ಐತಲ್ರಿ. ಹುಡುಗರಿಗೆ ಆಕಳ ಕೊಡ್ತೀರೇನ್ರಿ?”

ಸಭೆಯಲ್ಲಿ ನಗೆ ಎದ್ದಿತು. ಆಕೆ ಕರಪತ್ರವನ್ನು ನಾಲ್ಕಾಗಿ ಮಡಿಸಿ ಸೆರಗಿನಲ್ಲಿಟ್ಟುಕೊಂಡು ಕುಳಿತಳು. ಅರ್ಜಿಯನ್ನು ಕೇಳದೆಯೇ ಹೊರಟುಹೋದಳು. ಸಭೆ ಮುಗಿದ ಮೇಲೆ ನಾವು ಕರಪತ್ರವನ್ನು ಬೆಳಕಿಗೆ ಹಿಡಿದು ನೋಡಿದೆವು. ಮೂಲದಲ್ಲಿ ‘ಧ’ ಸರಿಯಾಗಿಯೇ ಇತ್ತು. ಆದರೆ ಅಡಿಯಲ್ಲಿ ಮಹಾಪ್ರಾಣವನ್ನು ಸೂಚಿಸುವ ಚಿಕ್ಕ ಗೆರೆಯು ಎಳೆಯಷ್ಟು ಸಣ್ಣದಾಗಿದ್ದು, ಪ್ರತಿ ತೆಗೆಯುವಾಗ ಪೂರ್ತಿಯಾಗಿ ಅಳಿದುಹೋಗಿತ್ತು. ಕಾಗದದ ಮೇಲಿದ್ದುದು ‘ದ’ವೇ. ಆ ತಾಯಿ ಇದ್ದುದನ್ನು ಇದ್ದಂತೆಯೇ ಓದಿದ್ದಳು. ನಕ್ಕವರು ಕಾಗದವನ್ನು ಓದಿರಲಿಲ್ಲ. ಮೊದಲೇ ತಿಳಿದಿದ್ದ ವಿಷಯವನ್ನು ನೆನಪಿನಿಂದ ತುಂಬಿಕೊಂಡಿದ್ದರು. ಮರುದಿನ ನಮ್ಮ ಉಪಾಧ್ಯಾಯರೊಬ್ಬರು ಸ್ಪಷ್ಟವಾದ ಅಕ್ಷರದ ಬೇರೊಂದು ಕರಪತ್ರವನ್ನೂ ಅರ್ಜಿಯನ್ನೂ ಹಿಡಿದು ಆಕೆಯ ಮನೆಗೆ ಹೋಗಿ, ತಪ್ಪು ನಮ್ಮದೆಂದು ಹೇಳಿ ಬಂದರು.

ಹೊಸದಾಗಿ ಓದು ಕಲಿತವನು, ಎಳೆಯ ಮಗು, ಕಣ್ಣು ಮಂಜಾದ ವೃದ್ಧ — ಇವರು ಒಂದೊಂದು ಗೆರೆಯನ್ನೂ ನಂಬಿ ಓದುತ್ತಾರೆ. ಓದಿ ಪಳಗಿದವರಿಗೆ ಅಳಿದ ಗೆರೆ ಒಂದು ಅಂದಗೇಡು ಮಾತ್ರ; ಅವರಿಗಾದರೋ ಅದು ಅರ್ಥದ ನಾಶ.

ಮೂರು ಲಿಪಿಗಳ ಪಾಠ

ಗೋವೆಯ ಕನ್ನಡ ಮಕ್ಕಳು ದಿನವೂ ಮೂರು ಲಿಪಿಗಳನ್ನು ಕಾಣುತ್ತಾರೆ: ಶಾಲೆಯಲ್ಲಿ ಕನ್ನಡ, ಕೊಂಕಣಿ ಮರಾಠಿಗಳಿಗಾಗಿ ದೇವನಾಗರಿ, ಇಂಗ್ಲಿಷಿಗಾಗಿ ರೋಮನ್. ರೋಮನ್ ಲಿಪಿಯ ಕೊಂಕಣಿಯೂ ಇಲ್ಲಿ ಉಂಟು. ಮೂರರಲ್ಲಿಯೂ ಸಣ್ಣ ಗೆರೆಯೊಂದು ಅರ್ಥವನ್ನು ಹೊತ್ತಿರುವುದನ್ನು ಗಮನಿಸಿರಿ. ಇಂಗ್ಲಿಷಿನ ಚಿಕ್ಕ ‘ಇ’ ಅಕ್ಷರದ ಅಡ್ಡಗೆರೆ ಅಳಿದರೆ ಅದು ‘ಸಿ’ ಆಗುತ್ತದೆ. ದೇವನಾಗರಿಯ ‘ಬ’ಕಾರದ ಹೊಟ್ಟೆಯೊಳಗಿನ ಓರೆಗೆರೆ ಅಳಿದರೆ ಅದು ‘ವ’ಕಾರ, ‘ಷ’ಕಾರದ್ದು ಅಳಿದರೆ ‘ಪ’ಕಾರ. ಕನ್ನಡದಲ್ಲಿ ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ — ಈ ಜೋಡಿಗಳಲ್ಲಿ ಭೇದವಿರುವುದು ಅಡಿಯ ಒಂದು ಗೆರೆಯಲ್ಲಿ. ಪ ಮತ್ತು ಷ ಎಂಬುವುಗಳಲ್ಲಿ ಒಡಲಿನೊಳಗಿನ ಒಂದು ಗೆರೆಯಲ್ಲಿ.

ಆದುದರಿಂದ ಕನ್ನಡದಲ್ಲಿ ಒಯ್ಯಾರದ ಅಕ್ಷರವನ್ನು ರಚಿಸಹೊರಟವನು ಬೊದೋನಿಯ ನಿಯಮವನ್ನು ಹಾಗೆಯೇ ಎತ್ತಿ ತಂದಿಡಲಾಗದು. ರೋಮನ್ ಅಕ್ಷರಕ್ಕೆ ನೇರವಾದ ಲಂಬರೇಖೆಗಳೇ ಬೆನ್ನೆಲುಬು; ದಪ್ಪವನ್ನೆಲ್ಲ ಅವುಗಳಿಗೆ ಕೊಟ್ಟರೆ ಅಕ್ಷರ ನಿಲ್ಲುತ್ತದೆ. ನಮ್ಮ ಅಕ್ಷರಕ್ಕೆ ಅಂಥ ಕಂಬಗಳಿಲ್ಲ. ಇರುವುದು ದುಂಡನೆಯ ಒಡಲು, ಮೇಲೊಂದು ತಲೆಕಟ್ಟು, ಬಲಕ್ಕೆ ಕೊಂಬು ದೀರ್ಘಗಳು, ಕೆಳಗೆ ಒತ್ತು. ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂಬುದನ್ನು ಈ ಅಂಗಗಳ ಸ್ವಭಾವವನ್ನೇ ನೋಡಿ ನಿರ್ಣಯಿಸಬೇಕು. ಅರ್ಥವನ್ನು ಹೊತ್ತ ಗೆರೆ ಎಷ್ಟೇ ಚಿಕ್ಕದಾದರೂ ಅದನ್ನು ಬಡವಾಗಿಸಬಾರದು. ಸಣ್ಣದಾಗಬಹುದಾದುದು, ಇಲ್ಲದಿದ್ದರೂ ಅಕ್ಷರವನ್ನು ಗುರುತಿಸಬಹುದಾದ ಗೆರೆ ಮಾತ್ರ.

ಇಂಥ ವಿವೇಕದಿಂದ ಇಂದು ಕೆಲಸ ನಡೆದಿದೆ ಎಂಬುದು ಸಂತೋಷದ ವಿಷಯ. 2015ರಲ್ಲಿ ಆರಂಭವಾದ ‘ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಗ್ರಂಥಮಾಲೆಗಾಗಿ ಭಾರತೀಯ ಲಿಪಿಗಳಲ್ಲಿ ಹೊಸ ಅಕ್ಷರವಿನ್ಯಾಸಗಳನ್ನು ರಚಿಸಿದರು. ರಾಘವಾಂಕನ ಹರಿಶ್ಚಂದ್ರಕಾವ್ಯವು 2017ರಲ್ಲಿ ಆ ಮಾಲೆಯಲ್ಲಿ, ಕನ್ನಡ ಒಂದು ಪುಟದಲ್ಲಿ, ಇಂಗ್ಲಿಷ್ ಎದುರು ಪುಟದಲ್ಲಿ ಇರುವಂತೆ ಹೊರಬಂದಿತು. ಆ ಕೆಲಸದಿಂದ ಬೆಳೆದ ‘ತಿರೊ ಕನ್ನಡ’, ಹಾಗೆಯೇ ‘ನೋಟೊ ಸೆರಿಫ್ ಕನ್ನಡ’ ಎಂಬ ವಿನ್ಯಾಸಗಳು ಈಗ ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸುವಂತೆ ದೊರೆಯುತ್ತವೆ. ಎರಡರಲ್ಲಿಯೂ ಗೆರೆಯ ದಪ್ಪದ ಏರಿಳಿತಗಳನ್ನು ನೋಡಿ ಅಭ್ಯಾಸಮಾಡಬಹುದು.

ಬಳಕೆಯ ನಿಯಮಗಳು

ಈವರೆಗಿನ ವಿಚಾರದಿಂದ ಹೊರಡುವ ನಿಯಮಗಳನ್ನು ಸಂಗ್ರಹವಾಗಿ ಹೇಳುವೆನು.

1. ಸ್ಥೂಲಸೂಕ್ಷ್ಮಗಳ ಅಂತರ ಹೆಚ್ಚಾಗಿರುವ ಅಕ್ಷರವನ್ನು ಕೆಲವೇ ಶಬ್ದಗಳಿಗೆ, ದೊಡ್ಡ ಗಾತ್ರದಲ್ಲಿ ಮಾತ್ರ ಬಳಸಬೇಕು. ಹಬ್ಬದ ಉಡುಗೆಯನ್ನು ದಿನದ ದುಡಿಮೆಗೆ ತೊಡಬಾರದು.

2. ಅದರ ಸುತ್ತಲೂ ಸಾಕಷ್ಟು ಬಿಳಿಯ ಜಾಗವನ್ನು ಬಿಡಬೇಕು. ಬಳ್ಳಿ, ಹೂ, ನೆರಳು, ಚೌಕಟ್ಟುಗಳಿಂದ ಅದನ್ನು ಮುತ್ತಿದರೆ ಸೂಕ್ಷ್ಮರೇಖೆಯ ಸೊಗಸು ಮುಚ್ಚಿಹೋಗುತ್ತದೆ.

3. ಕಾಗದವು ನಯವಾಗಿರಬೇಕು. ಒರಟು ಕಾಗದ, ಬಣ್ಣದ ಹಿನ್ನೆಲೆ, ಪ್ರತಿಯಿಂದ ತೆಗೆದ ಪ್ರತಿ — ಇವುಗಳಿಗೆ ಗೆರೆಗಳೆಲ್ಲ ಸಮನಾಗಿರುವ ಅಕ್ಷರವೇ ತಕ್ಕದ್ದು.

4. ನಾಮಫಲಕಕ್ಕೆ ದೂರದ ಲೆಕ್ಕವಿದೆ. ಎರಡು ಗೆರೆಗಳನ್ನು ಬೇರೆಬೇರೆಯಾಗಿ ಕಾಣಲು ನಿರೋಗಿಯಾದ ಕಣ್ಣಿಗೆ 10 ಮೀಟರು ದೂರದಲ್ಲಿ ಅವುಗಳ ನಡುವೆ ಸುಮಾರು 3 ಮಿಲಿಮೀಟರು ತೆರಪಾದರೂ ಬೇಕು. 20 ಮೀಟರಿಗೆ ಅದರ ಎರಡರಷ್ಟು. ಫಲಕದ ‘ಧ’ ಎಷ್ಟು ದೂರದಿಂದ ‘ಧ’ವಾಗಿ ಕಾಣಬೇಕೆಂಬುದನ್ನು ಮೊದಲು ಗೊತ್ತುಮಾಡಿ, ಬಳಿಕ ಅಕ್ಷರವನ್ನು ಆರಿಸಬೇಕು.

5. ಕನ್ನಡ, ದೇವನಾಗರಿ, ರೋಮನ್ ಮೂರನ್ನೂ ಒಂದೇ ಫಲಕದಲ್ಲಿ ಬರೆಸುವಾಗ ಮೂರರ ಒಟ್ಟು ಕಪ್ಪು ಸಮನಾಗಿ ಕಾಣುವಂತೆ ನೋಡಿಕೊಳ್ಳಬೇಕು. ಒಂದು ನುಡಿ ಒಡೆಯನಂತೆ, ಇನ್ನೊಂದು ಆಳಿನಂತೆ ಕಾಣುವುದು ಸಭ್ಯತೆಯಲ್ಲ.

6. ಅಚ್ಚಿಗೆ ಕೊಡುವ ಮುನ್ನ ಕರಡನ್ನು, ವಿಷಯವನ್ನು ಮೊದಲೇ ಅರಿಯದ ಒಬ್ಬರಿಂದ ಗಟ್ಟಿಯಾಗಿ ಓದಿಸಬೇಕು. ಇದಕ್ಕಿಂತ ಉತ್ತಮವಾದ ಪರೀಕ್ಷೆ ಬೇರೊಂದಿಲ್ಲ.

ಅಭ್ಯಾಸ

ಅ) ಬಿದಿರಿನ ಕಡ್ಡಿಯೊಂದರ ತುದಿಯನ್ನು ಹಿರಿಯರ ನೆರವಿನಿಂದ ಅಗಲವಾಗಿ ಕತ್ತರಿಸಿಕೊಂಡು, ಮಸಿಯಲ್ಲಿ ಅದ್ದಿ ‘ಅ’, ‘ರ’, ‘ಸ’ ಎಂಬ ಅಕ್ಷರಗಳನ್ನು ದೊಡ್ಡದಾಗಿ ಬರೆಯಿರಿ. ಕಡ್ಡಿಯನ್ನು ಹಿಡಿಯುವ ಕೋನವನ್ನು ಬದಲಿಸಿದಾಗ ದಪ್ಪವು ಯಾವ ಕಡೆಗೆ ಸರಿಯುವುದೆಂಬುದನ್ನು ಗಮನಿಸಿರಿ.

ಆ) ಮನೆಯಲ್ಲಿರುವ ಹಳೆಯ ಕನ್ನಡ ಪುಸ್ತಕವೊಂದನ್ನು ಭೂತಗನ್ನಡಿಯಿಂದ ನೋಡಿ, ಯಾವ ಗೆರೆಗಳು ದಪ್ಪ, ಯಾವುವು ಸಣ್ಣವು, ಯಾವುವು ಮುರಿದಿವೆ ಎಂಬುದನ್ನು ಪಟ್ಟಿಮಾಡಿರಿ.

ಇ) ನಿಮ್ಮ ಬೀದಿಯ ಒಂದು ಫಲಕದಿಂದ ಹಿಂದೆ ಹಿಂದೆ ನಡೆಯುತ್ತ, ಎಷ್ಟನೆಯ ಹೆಜ್ಜೆಯಲ್ಲಿ ಅದರ ಅತಿ ಸಣ್ಣ ಗೆರೆ ಮರೆಯಾಯಿತೆಂಬುದನ್ನು ಎಣಿಸಿರಿ. ವಾಹನಗಳ ಓಡಾಟವಿರುವಲ್ಲಿ ಈ ಪ್ರಯೋಗ ಬೇಡ.

ಈ) ದ–ಧ ಮತ್ತು ಪ–ಫ ಭೇದದಿಂದ ಅರ್ಥ ಬದಲಾಗುವ ಐದು ಜೋಡಿ ಶಬ್ದಗಳನ್ನು ಹುಡುಕಿರಿ.

ಪಾಲಕರಲ್ಲಿಯೂ ಒಂದು ವಿಜ್ಞಾಪನೆಯುಂಟು. ಮಗುವು ಒಂದು ಶಬ್ದವನ್ನು ತಪ್ಪಾಗಿ ಓದಿದಾಗ ಗದರಿಸುವ ಮುನ್ನ ಆ ಕಾಗದವನ್ನು ತಾವೂ ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ತಪ್ಪು ಮಗುವಿನದೋ ಅಕ್ಷರದ್ದೋ ಎಂಬುದು ಆಗ ತಿಳಿಯುತ್ತದೆ.

ಚೆಲುವಾದ ತಲೆಬರಹವು ದೇವಾಲಯದ ಮಹಾದ್ವಾರದಂತೆ. ಅದು ದೂರದಿಂದ ಜನರನ್ನು ಕರೆಯಬೇಕು. ಒಳಗೆ ಬಂದವರಿಗೆ ಬೇಕಾದುದು ಎಡವದೆ ನಡೆಯಬಹುದಾದ ಸಮನೆಲ. ದ್ವಾರದ ಕೆತ್ತನೆಯನ್ನು ನೆಲಕ್ಕೂ ಮಾಡಿದರೆ ನಡೆಯುವವನ ಕಾಲು ನೋಯುತ್ತದೆ. ಬಾಸ್ಕರ್‌ವಿಲ್ಲನಿಂದ ಬೊದೋನಿಯವರೆಗೆ ಸೂಕ್ಷ್ಮರೇಖೆಯನ್ನು ಒಲಿಸಿಕೊಂಡವರೆಲ್ಲರೂ ಕಾಗದವನ್ನೂ ಮಸಿಯನ್ನೂ ಗಾತ್ರವನ್ನೂ ಅದಕ್ಕೆ ತಕ್ಕಂತೆ ಅಣಿಗೊಳಿಸಿ, ಅದು ಅಳಿಯದಂತೆ ಕಾಯ್ದವರು. ಕೊನೆಯ ಸಾಲಿನಲ್ಲಿ ಕುಳಿತವಳಿಗೂ ಉಳಿದು ಕಾಣುವಂತೆ ಬರೆದಾಗಲೇ ಅದಕ್ಕೆ ಅಕ್ಷರವೆಂಬ ಹೆಸರು ಸಲ್ಲುತ್ತದೆ.